ಚರಂಡಿಗೆ ಸುರಿದ ಮಲ್ಲಿಗೆ

ಕೊಂಡಮ್ಮನನ್ನು ಕೆಟ್ಟ ಹೆಂಗಸು ಎನ್ನುವವರು ಅವಳ ಊರಿನಲ್ಲಿ ಇಂದಿಗೂ ಇದ್ದಾರೆ. ಮನೆಯ ಮಗಳ ಮದುವೆಗೆ ಒಂದು ಮೊಳ ಹೂ ಕೊಡದವಳು, ಕಲ್ಲು ಮನಸ್ಸಿನವಳು ಎಂದು ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಮಾತಾಡಿಕೊಳ್ಳುತ್ತಾರೆ. ಮಾತಾಡಲಿ. ಅವರು ಬೆಳೆದ ಹೂವನ್ನು ಯಾರೂ ಹೊಸೂರು ಮಾರ್ಕೆಟ್ಟಿನ ಚರಂಡಿಗೆ ಸುರಿದಿಲ್ಲ. ಸುರಿದಿದ್ದರೆ ಅವರ ಮಾತು ಬೇರೆಯೇ ಇರುತ್ತಿತ್ತು.

ಊರು ಇರುವುದು ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಮನೆಗೊಂದು ಗುಂಡುಮಲ್ಲಿಗೆ ತೋಟ. ಕೊಂಡಮ್ಮ ಆ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಮುತ್ತರಾಯಪ್ಪ ಹೊಸೂರಿನಲ್ಲಿ ಹೂವಿನ ಕಮಿಷನ್ ಅಂಗಡಿ ಇಟ್ಟುಕೊಂಡಿದ್ದ. ತಮ್ಮ ಸೊಣ್ಣಪ್ಪ, ಕೊಂಡಮ್ಮನ ಗಂಡ, ತೋಟ ನೋಡಿಕೊಳ್ಳುತ್ತಿದ್ದ. ಬೆಳಗಿನ ಜಾವ ಗಂಡಹೆಂಡತಿ ಇಬ್ಬರೂ ಮೊಗ್ಗು ಬಿಡಿಸಿ ಚೀಲಕ್ಕೆ ತುಂಬಿದರೆ, ಸೊಣ್ಣಪ್ಪ ಅದನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಅಣ್ಣನ ಅಂಗಡಿಗೆ ಹಾಕಿ ಬರುತ್ತಿದ್ದ. ಮಲ್ಲಿಗೆ ವ್ಯಾಪಾರವೇ ಹಾಗೆ. ಮೊಗ್ಗು ಬಾಯಿ ಮುಚ್ಚಿಕೊಂಡಿರುವಾಗಲೇ ಮಾರ್ಕೆಟ್ಟು ಸೇರಬೇಕು. ದಾರಿಯಲ್ಲೇ ಅರಳಿಬಿಟ್ಟರೆ ಕೇಳುವವರಿಲ್ಲ.

ಮುತ್ತರಾಯಪ್ಪ ಬೆಳೆದ. ಹಣೆಗೆ ಮೂರು ಬೆರಳು ವಿಭೂತಿ, ತಕ್ಕಡಿಯ ಅಂಚಿಗೆ ಒಂದು ಬೆರಳು, ಇಷ್ಟೇ ಅವನ ಬಂಡವಾಳ. ಹೊಸೂರಿನ ಮಗ್ಗುಲಿನ ಮತ್ತಿಗಿರಿಯಲ್ಲಿ ಪಿಸ್ತಾ ಬಣ್ಣ ಬಳಿದ ಮಹಡಿ ಮನೆ ಕಟ್ಟಿಸಿ, ಹೆಂಡತಿ ಭದ್ರಮ್ಮನನ್ನೂ ಮಗಳು ಸಿಂಧುವನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಹೋದರೂ ಸಿಂಧು ರಜೆಗೆ ಹಳ್ಳಿಗೇ ಬರುತ್ತಿದ್ದಳು. ಕೊಂಡಮ್ಮನಿಗೆ ಮಕ್ಕಳಿರಲಿಲ್ಲ. ಆ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ತೋಟದ ಮಲ್ಲಿಗೆಯನ್ನು ಎರಡೂ ಜಡೆಗೆ ಸೇರುವಂತೆ ಮುಡಿಸಿದರೆ ಅವಳಿಗೆ ಹಬ್ಬ ಮಾಡಿದಷ್ಟು ಸಂತೋಷ.

ಒಂದು ಬೆಳಿಗ್ಗೆ ಹೂ ಹಾಕಿ ವಾಪಸು ಬರುವಾಗ ಹೈವೇ ತಿರುವಿನಲ್ಲಿ ಲಾರಿ ಬಡಿದು ಸೊಣ್ಣಪ್ಪ ಹೋಗಿಬಿಟ್ಟ.

ನಮ್ಮ ಕಡೆ ಒಂದು ಪದ್ಧತಿಯಿದೆ. ಅದನ್ನು ಮಾಡಿಟ್ಟ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕಿದರೆ ನಾಲ್ಕು ಮಾತು ಕೇಳಬೇಕು. ಗಂಡ ಸತ್ತವಳನ್ನು ಹನ್ನೊಂದನೆಯ ದಿನ ಕೂರಿಸಿ, ಕೊನೆಯ ಸಲ ಎಂದು ಕೈತುಂಬ ಬಳೆ ತೊಡಿಸಿ, ಹಣೆತುಂಬ ಕುಂಕುಮವಿಟ್ಟು, ಮುಡಿತುಂಬ ಹೂ ಮುಡಿಸುತ್ತಾರೆ. ಮದುಮಗಳಂತೆ ಮಾಡಿ, ಆಮೇಲೆ ಒಂದೊಂದಾಗಿ ಕೀಳುತ್ತಾರೆ. ಅಂದು ಕೊಂಡಮ್ಮನಿಗೆ ಮುಡಿಸಿದ್ದು ಅವಳದೇ ತೋಟದ ಹೂ. ಮುಡಿಸಿ ಕೀಳುವುದು ಬೇಡ, ಹಾಗೇ ಬಿಟ್ಟುಬಿಡಿ ಎಂದು ಅವಳು ಕೇಳಿಕೊಂಡಳು. ಭದ್ರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಎಳೆದ ರಭಸಕ್ಕೆ ಹೂವಿನ ಜೊತೆ ಕೂದಲೂ ಬಂತು. ಆದರೂ ಕೊಂಡಮ್ಮ, ಎಲ್ಲರಿಗೂ ಆಗುವುದೇ ನನಗೂ ಆಯಿತು ಎಂದು ಹಲ್ಲು ಕಚ್ಚಿ ಸುಮ್ಮನಾದಳು.

ಸುಮ್ಮನಿರಲು ಆಗದ್ದು ಅದಾದ ಮೇಲೆ ನಡೆಯಿತು. ಗಿಡಕ್ಕೆ ಸೂತಕವಿಲ್ಲ, ಮೊಗ್ಗು ಬಿಡುವುದನ್ನು ಅದು ನಿಲ್ಲಿಸಲಿಲ್ಲ. ಕೊಂಡಮ್ಮ ಒಬ್ಬಳೇ ಬಿಡಿಸಿ, ಚೀಲ ಹೊತ್ತುಕೊಂಡು ಟೌನ್ ಬಸ್ಸಿನಲ್ಲಿ ಭಾವನ ಅಂಗಡಿಗೆ ಹೋದಳು. ಮಾರ್ಕೆಟ್ಟು ಗಿಜಿಗುಡುತ್ತಿತ್ತು. ಮುತ್ತರಾಯಪ್ಪ ಚೀಲದ ಕಡೆ ನೋಡಲಿಲ್ಲ, ಅವಳ ಬರಿ ಹಣೆಯನ್ನು ನೋಡಿದ. ನೋಡಿ, ಅಕ್ಕಪಕ್ಕದ ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ.

"ಇಲ್ಲಿಗ್ಯಾಕ್ ಬಂದೆ ನೀನು? ದೇವ್ರಿಗ್ ಹೋಗೋ ಹೂವ ಕಣಮ್ಮ ಇದು, ಮುತ್ತೈದೇರು ಮುಡಿಯೋ ಹೂವ. ನಿನ್ ಕೈ ಸೋಕಿದ್ನ ನಾನ್ ಯಾರ್ಗ್ ಮಾರ್ಲಿ?"

ಹೇಳಿದ್ದಷ್ಟೇ ಅಲ್ಲ, ಚೀಲ ಕಸಿದುಕೊಂಡು ಅಂಗಡಿಯ ಮುಂದಿನ ಚರಂಡಿಗೆ ಬಗ್ಗಿಸಿದ. ಬೆಳ್ಳಗಿನ ಮೊಗ್ಗೆಲ್ಲ ಕಪ್ಪು ನೀರಿನ ಮೇಲೆ ತೇಲಿಕೊಂಡು ಹೋಯಿತು. ತಮಾಷೆ ಏನೆಂದರೆ, ಅದೇ ಮಾರ್ಕೆಟ್ಟಿನಲ್ಲಿ ಕೂತು ದೇವರ ಹಾರ ಕಟ್ಟುವ ಹೆಂಗಸರಲ್ಲಿ ಗಂಡ ಸತ್ತವರು ಎಷ್ಟೋ ಜನ. ಅವನ ಅಂಗಡಿಗೆ ಹಾರ ಕಟ್ಟಿಕೊಡುತ್ತಿದ್ದವಳೂ ಅಂಥವಳೇ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೊಂಡಮ್ಮ ಬಸ್ಸು ಹತ್ತುವಾಗಲೂ ಅವಳಿಗೆ ಇದರ ತಲೆಬುಡ ಅರ್ಥವಾಗಿರಲಿಲ್ಲ. ಸಾಯಂಕಾಲ ಮುತ್ತರಾಯಪ್ಪನೇ ಹಳ್ಳಿಗೆ ಬಂದು ಅರ್ಥ ಮಾಡಿಸಿದ. ನಿನ್ನ ಕೈ ಹೂ ಇನ್ನು ಎಲ್ಲೂ ಓಡುವುದಿಲ್ಲ, ಸೊಣ್ಣಪ್ಪನ ಪಾಲಿನ ತೋಟ ನನಗೆ ಬಿಟ್ಟುಬಿಡು, ವರ್ಷಕ್ಕೆ ಇಷ್ಟು ರಾಗಿ ಅಂತ ಹಾಕಿಸುತ್ತೇನೆ, ತಿಂದುಕೊಂಡು ಮೂಲೆಯಲ್ಲಿರು ಎಂದ. ಅಲ್ಲಿಗೆ ಬಂತು ನೋಡಿ. ಅವನ ಮಡಿಯೆಲ್ಲ ತೋಟದ ಬದುವಿನ ಹತ್ತಿರ ಬಂದು ನಿಂತಿತ್ತು.

ಕೊಂಡಮ್ಮ ತೋಟ ಬಿಡುವುದಿಲ್ಲ ಎಂದಳು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅಳಲಿಲ್ಲ. ಅಳು ಬರುವಷ್ಟು ಜಾಗವೂ ಇಲ್ಲದ ಹಾಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಯಾವ ಬಾಯಿ ನನ್ನ ಕೈ ಸೋಕಿದ ಹೂ ಮುತ್ತೈದೆಗೆ ಆಗದು ಎಂದಿತೋ, ಅದೇ ಬಾಯಿ ನನ್ನ ಕೈಯ ಹೂವನ್ನು ಕೇಳಿಕೊಂಡು ಬರಬೇಕು. ಬಂದಾಗ ಆ ಮಾತನ್ನು ನುಂಗಬೇಕು. ಇಷ್ಟು ಆಗುವವರೆಗೆ ನಾನು ಸಾಯಬಾರದು ಎಂದುಕೊಂಡಳು. ಅವಳಿಗೆ ಬೇಕಾಗಿದ್ದು ಅದೊಂದೇ.

ಮುತ್ತರಾಯಪ್ಪ ಮಾರ್ಕೆಟ್ಟಿನ ಬೇರೆ ಅಂಗಡಿಯವರಿಗೂ ಹೇಳಿಟ್ಟಿದ್ದ. ಯಾರೂ ಅವಳ ಹೂ ತೂಗಲಿಲ್ಲ. ಕೆಲವು ದಿನ ಮೊಗ್ಗು ಗಿಡದಲ್ಲೇ ಅರಳಿ, ಬಾಡಿ, ಉದುರಿತು. ಆ ಹೊತ್ತಿಗೆ ಸುರೇಂದ್ರ ಎನ್ನುವವನು ಸುತ್ತಲ ಹಳ್ಳಿಗಳಲ್ಲಿ ಗಾಡಿ ತಿರುಗಿಸಲು ಶುರುಮಾಡಿದ್ದ. ಕೃಷ್ಣಗಿರಿಯ ಕಡೆ ಒಂದು ಸೆಂಟ್ ಫ್ಯಾಕ್ಟರಿ ಇತ್ತು. ಹೂವಿನಿಂದ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿ. ಅದಕ್ಕೆ ಹೂ ಕೂಡಿಹಾಕುವುದು ಅವನ ಕೆಲಸ. ಕೊಂಡಮ್ಮ ಅವನ ಗಾಡಿ ನಿಲ್ಲಿಸಿ, ಹೂ ತೋರಿಸುವುದಕ್ಕೂ ಮೊದಲೇ ತನ್ನ ಹಣೆ ತೋರಿಸಿದಳು. ಗಂಡ ಸತ್ತವಳು ನಾನು, ಆಮೇಲೆ ಗೊತ್ತಾಯಿತು ಎಂದು ಚೀಲ ವಾಪಸು ಎಸೆಯಬೇಡ ಎಂದಳು. ಸುರೇಂದ್ರನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ನಕ್ಕುಬಿಟ್ಟ.

"ಅಕ್ಕ, ಎಲ್ಲಾರ್ ಹೂವೂ ಒಂದೇ ಟ್ಯಾಂಕಿಗ್ ಸುರೀತಾರೆ. ಯಾರ್ಗ್ ಗಂಡ ಅವ್ನೆ ಯಾರ್ಗಿಲ್ಲ ಅಂತ ಆ ಟ್ಯಾಂಕಿಗೇನ್ ಗೊತ್ತು? ಹೂವ ನೆಂದಿಲ್ಲ ತಾನೆ, ಅಷ್ಟು ಹೇಳು."

ಹೂ ನೆನೆದಿರಲಿಲ್ಲ. ಅಂದಿನಿಂದ ಕೊಂಡಮ್ಮನ ತೋಟದ ಹೂವೆಲ್ಲ ಆ ಟ್ಯಾಂಕಿಗೇ ಹೋಯಿತು. ಸುರೇಂದ್ರನಿಗೂ ಹಳ್ಳಿ ಹಳ್ಳಿ ಅಲೆಯುವುದು ತಪ್ಪಿದರೆ ಸಾಕಾಗಿತ್ತು. ಒಂದೆರಡು ವರ್ಷ ನೋಡಿ, ಅವಳ ತೋಟದ ತಲೆಯಲ್ಲೇ ಒಂದು ಶೀಟಿನ ಶೆಡ್ಡು ಹಾಕಿಸಿ, ಎಲೆಕ್ಟ್ರಾನಿಕ್ ತಕ್ಕಡಿ ಇಡಿಸಿ, ಸುತ್ತಲ ಊರಿನ ಹೂ ಹಿಡಿಯುವ ಕೆಲಸ ಅವಳಿಗೇ ಒಪ್ಪಿಸಿದ. ಜನ ಮೊದಲು ಹಿಂದೆಮುಂದೆ ನೋಡಿದರು. ಆದರೆ ಆ ತಕ್ಕಡಿಗೆ ಬೆರಳು ಅಂಟಿರಲಿಲ್ಲ, ಬಸ್ಸಿನ ಖರ್ಚೂ ಇರಲಿಲ್ಲ. ಮಡಿ ಮೈಲಿಗೆ ಎಲ್ಲ ಒಂದು ಯುಗಾದಿ ಕಳೆಯುವುದರೊಳಗೆ ಮರೆತುಹೋಯಿತು. ಕೊಂಡಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದಳು. ಹೂ ರಾಶಿ ಬಿದ್ದು ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲದ ಕಾಲದಲ್ಲೂ ನಾನು ತಗೊಳ್ಳುತ್ತೇನೆ, ಚಳಿಗಾಲದಲ್ಲಿ ಹೂ ಸಿಗದೆ ಮಾರ್ಕೆಟ್ಟು ಒದ್ದಾಡುವಾಗಲೂ ನೀವು ನನಗೇ ಹಾಕಬೇಕು. ಎಲ್ಲರೂ ಒಪ್ಪಿದರು.

ಒಂದು ಸಲ ಫ್ಯಾಕ್ಟರಿಯವರು ಹೂ ಕೊಡುವ ಊರಿನವರನ್ನೆಲ್ಲ ವ್ಯಾನಿನಲ್ಲಿ ಕರೆಸಿ ಊಟ ಹಾಕಿದರು. ಕೊಂಡಮ್ಮ ಅಂದೇ ತನ್ನ ಹೂ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ಕಂಡದ್ದು. ಮೊಗ್ಗನ್ನು ನೆರಳಿನಲ್ಲಿ ಹರಡಿ ಸಾಯಂಕಾಲದವರೆಗೆ ಕಾಯುತ್ತಾರೆ. ಮಾರ್ಕೆಟ್ಟಿಗೆ ಬೇಡವಾದ ಅರಳಿದ ಹೂವೇ ಅವರಿಗೆ ಬೇಕು, ವಾಸನೆ ಬಿಡುವುದು ಆಗ. ಅರಳಿದ್ದನ್ನು ದೊಡ್ಡ ದೊಡ್ಡ ಟ್ಯಾಂಕಿಗೆ ತುಂಬಿ, ಯಾವುದೋ ದ್ರಾವಣ ಹಾಯಿಸಿ, ಕೊನೆಗೆ ಬೆಲ್ಲದ ಗಸಿಯಂಥ ಒಂದು ಮೇಣ ತೆಗೆಯುತ್ತಾರೆ. ಅದನ್ನು ಮತ್ತೆ ಸೋಸಿದರೆ ಜೇನಿನ ಬಣ್ಣದ ಎಣ್ಣೆ. ಗಾಡಿ ತುಂಬ ಹೂ ಹೋಗಿ ಒಂದು ಚೊಂಬಿನಷ್ಟು ಉಳಿದರೆ ಹೆಚ್ಚು. ಆಫೀಸಿನ ಗಾಜಿನ ಬೀರುವಿನಲ್ಲಿ, ಆ ಎಣ್ಣೆ ಹಾಕಿ ಹೊರದೇಶದಲ್ಲಿ ಮಾಡಿದ ಒಂದು ಸೆಂಟ್ ಬಾಟಲಿ ಇಟ್ಟಿದ್ದರು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಅದರ ಬೆಲೆ ಕೇಳಿ ಊರಿನವರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆ ದುಡ್ಡಿಗೆ ಹಾಲು ಕರೆಯುವ ಹಸುವನ್ನೇ ಕೊಂಡು ಮನೆಗೆ ಹೊಡೆದುಕೊಂಡು ಬರಬಹುದಾಗಿತ್ತು.

ಅಷ್ಟು ಹೂ ಹಿಂಡಿದ ಮೇಲೆ ಅಷ್ಟು ಬೆಲೆ ಇರಲೇಬೇಕಲ್ಲ ಎಂದು ಕೊಂಡಮ್ಮ ನ್ಯಾಯ ಹೇಳಿದಳು. ಸುರೇಂದ್ರ ಅಲ್ಲವೆಂದು ತಲೆಯಾಡಿಸಿದ. ಆ ಬಾಟಲಿಯಲ್ಲಿ ನಿನ್ನ ಹೂವಿನದು ಒಂದು ತೊಟ್ಟು ಇದ್ದರೆ ಪುಣ್ಯ, ಮಿಕ್ಕಿದ್ದು ಸ್ಪಿರಿಟ್ಟು, ಗಾಜು, ಡಬ್ಬಿ, ಅದನ್ನು ಹಿಡಿದುಕೊಂಡು ಟಿವಿಯಲ್ಲಿ ನಗುವ ನಟಿಗೆ ಕೊಟ್ಟ ದುಡ್ಡು, ದೊಡ್ಡ ಪೇಟೆಯ ಅಂಗಡಿ ಬಾಡಿಗೆ ಎಂದ. ಅದೆಲ್ಲ ಸೇರಿದರೂ ಅಷ್ಟೊಂದು ಆಗುತ್ತದಾ ಎಂದು ಅವಳು ಬಿಡಲಿಲ್ಲ. ಸುರೇಂದ್ರ ಸುತ್ತ ನೋಡಿ, ದನಿ ಇಳಿಸಿದ.

"ಅಷ್ಟಾಗಲ್ಲಕ್ಕ. ಎಲ್ಲಾರ್ಗೂ ಸಿಗಬಾರ್ದು ಅಂತ್ಲೇ ಅಷ್ಟು ಬೆಲೆ. ಕೇಳ್ದೋರ್ಗೆಲ್ಲ ಸಿಕ್ಬುಟ್ರೆ ಸಾವ್ಕಾರ್ರು ಮುಟ್ಟಲ್ಲ. ಮಾರ್ದೆ ಮಿಕ್ಕೋದ್ರೂ ಕಮ್ಮಿಗ್ ಕೊಡಲ್ವಂತೆ, ಒಡ್ದು ಸುರಿದ್ಬುಡ್ತಾರಂತೆ. ಇಲ್ಲ ಅಂತಾರಲ್ಲ, ಆ ಮಾತ್ಗೇ ದುಡ್ಡು."

ಸುರಿದುಬಿಡುತ್ತಾರೆ ಎಂದದ್ದೇ ತಡ, ಕೊಂಡಮ್ಮನ ಕಣ್ಣ ಮುಂದೆ ಆ ಚರಂಡಿ ಬಂದು ನಿಂತಿತು. ಅಲ್ಲಿ ಸುರಿದದ್ದು ಅವಳ ಹೂವನ್ನು ಕಸ ಮಾಡುವುದಕ್ಕೆ. ಇಲ್ಲಿ ಸುರಿಯುವುದು ತಮ್ಮದನ್ನು ಚಿನ್ನ ಮಾಡುವುದಕ್ಕೆ. ಸುರಿಯುವುದು ಒಂದೇ, ಬೇಡ ಎನ್ನುವವರು ಯಾರು ಎನ್ನುವುದಷ್ಟೇ ಬೇರೆ. ವ್ಯಾನಿನಲ್ಲಿ ವಾಪಸು ಬರುವಾಗ ಉಳಿದವರು ಊಟದ ಪಾಯಸದ ಬಗ್ಗೆ ಮಾತಾಡುತ್ತಿದ್ದರೆ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಇಷ್ಟು ವರ್ಷ ಬೇಡ ಅನ್ನಿಸಿಕೊಂಡದ್ದಾಯಿತು, ಇನ್ನು ಇಲ್ಲ ಎನ್ನುವವಳು ನಾನಾಗಬೇಕು ಎಂದು ಅವಳಿಗೆ ಅಂದು ತೀರ್ಮಾನವಾಯಿತು.

ಆ ವರ್ಷ ಸುರೇಂದ್ರ ಅವಳಿಗೆ ಕಿರುಬೆರಳಿನಷ್ಟು ಸೀಸೆಯಲ್ಲಿ ಅಪ್ಪಟ ಮಲ್ಲಿಗೆ ಎಣ್ಣೆ ತಂದುಕೊಟ್ಟ. ಮೇಲಿನವರು ಖುಷಿಯಿಂದ ಕೊಟ್ಟದ್ದು, ನಿನ್ನ ಹೂವಿನದೇ ಎಂದ. ಕೊಂಡಮ್ಮ ಅದನ್ನು ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡಳು.

ಈ ಸಂಕ್ರಾಂತಿ ಕಳೆದ ಮೇಲೆ ಸಿಂಧುವಿನ ಮದುವೆ ಗೊತ್ತಾಯಿತು. ಬೀಗರು ಹೊಸೂರಿನ ಆಲಸನತ್ತಂನವರು, ಕಾರ್ಖಾನೆಗಳಿಗೆ ಸಾಮಾನು ಸಪ್ಲೈ ಮಾಡುವವರು, ದುಡ್ಡಿದ್ದವರು. ಅವರ ಮುಂದೆ ಮುತ್ತರಾಯಪ್ಪ ಮೀಸೆ ತಿರುವಿಕೊಂಡು, ನಮ್ಮದು ಹೂವಿನ ಮನೆ, ಮಂಟಪಕ್ಕೆಲ್ಲ ಮಲ್ಲಿಗೆಯೇ ಇಳಿಬಿಡಿಸುತ್ತೇನೆ, ಮಗಳಿಗೆ ಸೊಂಟದಿಂದ ಕೆಳಗೆ ಬರುವ ಮೊಗ್ಗಿನ ಜಡೆ ಹಾಕಿಸುತ್ತೇನೆ ಎಂದು ಬಾಯಿತುಂಬ ಹೇಳಿಬಂದಿದ್ದ. ಆದರೆ ಮದುವೆಯ ವಾರ ಮಂಜು ಬಿದ್ದು ಗಿಡಗಳು ಮುದುಡಿಕೊಂಡವು. ಎಲ್ಲ ಕಡೆಯೂ ಮುಹೂರ್ತ. ಬೇರೆ ಊರುಗಳಿಂದ ಹೂ ತರಿಸುತ್ತೇನೆ ಎಂದುಕೊಂಡಿದ್ದವನಿಗೆ ಅಲ್ಲಿಯವರು ಫೋನು ಎತ್ತಲಿಲ್ಲ. ಗುಲಾಬಿ ಬೇಕಾದಷ್ಟಿತ್ತು, ಸೇವಂತಿಗೆಯೂ ಇತ್ತು. ಅಷ್ಟಿಷ್ಟು ಬಿಟ್ಟ ಮಲ್ಲಿಗೆಯನ್ನೆಲ್ಲ ಸುತ್ತಲ ಊರಿನವರು ಕೊಟ್ಟ ಮಾತಿನಂತೆ ಹಾಕುತ್ತಿದ್ದದ್ದು ಒಂದೇ ಕಡೆ, ಕೊಂಡಮ್ಮನ ಶೆಡ್ಡಿಗೆ.

ಬಂದ. ಮದುವೆಯ ಹಿಂದಿನ ದಿನ ಬೆಳಿಗ್ಗೆ, ಊರಿನವರು ಹೂ ತೂಗಿಸಲು ಸಾಲು ನಿಂತಿದ್ದ ಹೊತ್ತಿಗೇ ಕಾರು ಬಂದು ನಿಂತಿತು. ಕೊಂಡಮ್ಮ ಎದ್ದು, ತಲೆಮೇಲೆ ಸೆರಗು ಸರಿಮಾಡಿಕೊಂಡು, ಕೂರಲು ಕುರ್ಚಿ ಹಾಕಿಸಿದಳು. ಅವನು ಮನೆ ಮಗಳು, ಮಾನ ಮರ್ಯಾದೆ, ಬೀಗರು ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಹೂವಿಗೆ ಬಂದ. ಫ್ಯಾಕ್ಟರಿ ಕೊಡುವುದಕ್ಕಿಂತ ಹೆಚ್ಚಿಗೆ ಕೊಡುತ್ತೇನೆ ಎಂದ. ಅವಳು ತಕ್ಕಡಿಯ ಮೇಲಿದ್ದ ಚೀಲ ಇಳಿಸಿದಳು. ಮೂರರಷ್ಟು ಕೊಡುತ್ತೇನೆ ಎಂದ. ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡರು.

"ದುಡ್ಡು ಬ್ಯಾಡ ಭಾವ," ಎಂದಳು ಕೊಂಡಮ್ಮ. "ಅವತ್ತು ಮಾರ್ಕೆಟ್ನಾಗೆ ಒಂದ್ ಮಾತಂದ್ರಲ್ಲ. ಅದ್ನ ಇವಾಗ ಇವ್ರ್ ಮುಂದೆ ತಿರುಗ್ಸಿ ಹೇಳಿ. ಕೊಂಡಮ್ಮನ್ ಕೈ ಹೂವ ಮದುಮಗ್ಳಿಗ್ ಆಯ್ತದೆ ಅನ್ನಿ. ಅಷ್ಟಂದ್ರೆ ಸಾಕು, ಹೂವೆಲ್ಲ ಹಂಗೇ ತಗೊಂಡೋಗಿ."

ಎಷ್ಟು ಸಣ್ಣ ಮಾತು. ಒಂದು ಉಸಿರಿನಲ್ಲಿ ಆಡಿ ಮುಗಿಸಬಹುದಾಗಿತ್ತು. ಆ ಮನುಷ್ಯನಿಗೆ ಮಗಳಿಗಿಂತ ನಾಲಿಗೆ ದೊಡ್ಡದಾಯಿತು. ಅದೆಲ್ಲ ಹಳೆಯ ಮಾತು, ಈಗ ಯಾಕೆ ಎಂದ. ಎಲ್ಲರ ಮುಂದೆ ನನ್ನ ಮುಖಕ್ಕೆ ಮಸಿ ಬಳಿಯಲು ಕರೆಸಿದೆಯಾ ಎಂದ. ಕರೆಸಿದವರು ಯಾರು, ಬಂದವನು ಅವನೇ. ಕೊನೆಗೆ ದನಿ ಏರಿಸಿ, ಗಂಡ ಸತ್ತವಳ ಹತ್ತಿರ ಇಷ್ಟು ಹೊತ್ತು ನಿಂತದ್ದೇ ನನ್ನ ತಪ್ಪು ಎಂದುಬಿಟ್ಟ.

"ಹಂಗಾರೆ ಹೂವಿಲ್ಲ," ಎಂದಳು ಅವಳು.

ಅವಳ ಬಾಯಿಂದ ಆ ಮಾತು ಬಂದಾಗ ಎಂಥ ಹಿತವಾಯಿತು ಎಂದರೆ, ಎಷ್ಟೋ ವರ್ಷದ ಕಟ್ಟು ಒಡೆದ ಹಾಗಾಯಿತು. ಅವನ ಎದುರಿಗೇ ಹೂವಿನ ಚೀಲಗಳನ್ನು ಒಂದೊಂದಾಗಿ ಫ್ಯಾಕ್ಟರಿಯ ಕ್ರೇಟಿಗೆ ಸುರಿಸಿದಳು. ಬೇಕೆಂದೇ ನಿಧಾನವಾಗಿ ಸುರಿಸಿದಳು. ಕಾರು ಧೂಳೆಬ್ಬಿಸಿಕೊಂಡು ಹೋದ ಮೇಲೆ ಮಾತ್ರ, ಎರಡು ಜಡೆಯ ಆ ಹುಡುಗಿ ನೆನಪಾದಳು. ಆದರೂ ಅವಳು ಒಂದು ಹಿಡಿ ಮೊಗ್ಗನ್ನೂ ತೆಗೆದಿಡಲಿಲ್ಲ. ಸುಳ್ಳು ಹೇಳಬಾರದು, ತೆಗೆದಿಡಲು ಮನಸ್ಸು ಬರಲಿಲ್ಲ.

ಮಾರನೆಯ ದಿನ ಮದುವೆಗೆ ಹೋದಳು. ಕರೆದದ್ದು ಬಾಯಿಮಾತಿಗೆ ಎಂದು ಗೊತ್ತಿದ್ದೂ ಹೋದಳು. ಸೀಸೆ ಎಲೆಯಡಿಕೆ ಚೀಲದಲ್ಲಿತ್ತು. ಅವಳ ಲೆಕ್ಕಾಚಾರ ಬೇರೆಯೇ ಇತ್ತು. ಮುಹೂರ್ತದ ಹೊತ್ತಿಗೆ ಆ ಎಣ್ಣೆಯನ್ನು ತನ್ನ ಬರಿ ಮುಡಿಗೇ ಹಚ್ಚಿಕೊಂಡು ಕೂರಬೇಕು. ಒಂದು ಹೂವಿಲ್ಲದ ಹೆಂಗಸಿನಿಂದ ಅಷ್ಟು ಮಲ್ಲಿಗೆ ವಾಸನೆ ಎಲ್ಲಿಂದ ಬಂತು ಎಂದು ಬಂದವರೆಲ್ಲ ತಿರುಗಿ ನೋಡಬೇಕು, ಮುತ್ತರಾಯಪ್ಪ ಅದನ್ನು ನೋಡಿಕೊಂಡು ಉರಿಯಬೇಕು.

ಮಂಟಪಕ್ಕೆ ಸೇವಂತಿಗೆ ಕಟ್ಟಿಸಿದ್ದರು. ಹೂವಿನ ವ್ಯಾಪಾರಿಯ ಮನೆಯ ಮದುವೆಯಲ್ಲಿ ಮಲ್ಲಿಗೆಯೇ ಇಲ್ಲವಲ್ಲ ಎಂದು ಗಂಡಿನ ಕಡೆಯ ಹೆಂಗಸರು ತಮಿಳಿನಲ್ಲಿ ಒಂದಷ್ಟು, ಕನ್ನಡದಲ್ಲಿ ಒಂದಷ್ಟು ಆಡಿಕೊಳ್ಳುತ್ತಿದ್ದರು. ಕೊಂಡಮ್ಮ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕಿವಿತುಂಬ ಕೇಳಿಸಿಕೊಂಡಳು. ಅಷ್ಟರಲ್ಲಿ ಸಿಂಧುವನ್ನು ಮಂಟಪಕ್ಕೆ ಕರೆದುಕೊಂಡು ಬಂದರು. ಬೆನ್ನ ಮೇಲೆ ಫ್ಯಾನ್ಸಿ ಸ್ಟೋರಿನ ಬಟ್ಟೆ ಹೂವಿನ ಜಡೆ. ದೂರದಿಂದ ಮೊಗ್ಗಿನ ಹಾಗೇ ಕಾಣುತ್ತಿತ್ತು. ಹಿಂದಿನ ಸಾಲಿನ ಹತ್ತಿರ ಬಂದಾಗ ಹುಡುಗಿ ನಿಂತುಬಿಟ್ಟಳು. ಹಿಡಿದುಕೊಂಡಿದ್ದವರ ಕೈ ಬಿಡಿಸಿಕೊಂಡು, ನೇರ ಬಂದು ಕೊಂಡಮ್ಮನ ಕಾಲಿಗೆ ಬಗ್ಗಿದಳು. ಹಸೆಗೆ ಹೋಗುವವಳು ಇವಳ ಮುಂದೆ ಬಗ್ಗುವುದಾ ಎಂದು ಸುತ್ತಲಿನವರು ಉಸಿರು ಹಿಡಿದರು.

"ಚಿಕ್ಕಮ್ಮ, ನೀನೇ ಮುಡಿಸ್ತಿದ್ದೆ ನಂಗೆ," ಎಂದಳು ಸಿಂಧು. "ಇದ್ರಲ್ಲಿ ವಾಸ್ನೇನೇ ಇಲ್ಲ ನೋಡು."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಕೊಂಡಮ್ಮ ತಡೆದುಕೊಳ್ಳುತ್ತಿದ್ದಳು. ಅವಳು ಎಲೆಯಡಿಕೆ ಚೀಲಕ್ಕೆ ಕೈಹಾಕಿ ಸೀಸೆ ತೆಗೆದಳು. ಏನು ಮಾಡುತ್ತಾಳೆ ಎಂದು ಗೊತ್ತಾಗಿ ಭದ್ರಮ್ಮ ಮಂಟಪದಿಂದ ಇಳಿದು ಓಡಿಬಂದಳು, ಅವಳ ಹಿಂದೆ ಮುತ್ತರಾಯಪ್ಪ. ಮುಟ್ಟಬೇಡ ಎಂದು ಭದ್ರಮ್ಮ ಕೂಗುವ ಹೊತ್ತಿಗೆ ಕೊಂಡಮ್ಮನ ಒಂದು ಕೈ ಹುಡುಗಿಯ ನೆತ್ತಿಯ ಮೇಲಿತ್ತು. ಇನ್ನೊಂದು ಕೈಯಿಂದ ಸೀಸೆಯನ್ನು ಜಡೆಯ ಉದ್ದಕ್ಕೂ ಬಗ್ಗಿಸಿದಳು. ಒಂದು ತೊಟ್ಟು ಸಾಕಾಗಿದ್ದ ಜಾಗಕ್ಕೆ ಇಡೀ ಸೀಸೆಯನ್ನೇ ಸುರಿದಳು.

ವಾಸನೆ ಎದ್ದಿತು. ಒಂದು ತೋಟವೇ ಆ ಛತ್ರದೊಳಗೆ ಅರಳಿದ ಹಾಗೆ ಎದ್ದಿತು. ಆಡಿಕೊಳ್ಳುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ಉಸಿರೆಳೆದುಕೊಂಡರು. ಇದು ಯಾವ ಹೂವಮ್ಮ, ಇಂಥ ಮಲ್ಲಿಗೆ ಎಲ್ಲಿ ಸಿಕ್ಕಿತು ಎಂದು ಗಂಡಿನ ತಾಯಿಯೇ ಮುಂದೆ ಬಂದು ಕೇಳಿದರು. ಸಿಂಧು ಜಡೆಯ ತುದಿಯನ್ನು ಮೂಗಿಗೆ ಹಿಡಿದುಕೊಂಡು ನಗುತ್ತಿದ್ದಳು. ಕೊಂಡಮ್ಮ ಮುತ್ತರಾಯಪ್ಪನ ಕಡೆ ತಿರುಗಿ, ಆ ಮಾರ್ಕೆಟ್ಟಿನಲ್ಲಿ ಅವನು ಆಡಿದ್ದಷ್ಟೇ ದೊಡ್ಡ ದನಿಯಲ್ಲಿ ಆಡಿದಳು.

"ನನ್ ಕೈ ಹೂವೇ ಭಾವ ಇದು. ಕಿತ್ತಾಕಿ, ನೋಡಾನ."

ಭದ್ರಮ್ಮ ಜಡೆಗೆ ಕೈ ಚಾಚಿದವಳು ಅರ್ಧಕ್ಕೇ ನಿಂತಳು. ಕೀಳಲು ಅಲ್ಲಿ ಹೂವೆಲ್ಲಿತ್ತು, ವಾಸನೆ ಕೂದಲಿಗೇ ಇಳಿದಿತ್ತು. ಮಂಟಪದೊಳಗಿಂದ ಪುರೋಹಿತರು ಮುಹೂರ್ತ ಮೀರುತ್ತಿದೆ, ಹೆಣ್ಣನ್ನು ಕರೆತನ್ನಿ ಎಂದು ಅವಸರ ಮಾಡಿದರು. ಸಿಂಧು ಹಾಗೇ ಹೋಗಿ ಹಸೆಯ ಮೇಲೆ ಕೂತಳು, ಅವಳ ಜೊತೆ ವಾಸನೆಯೂ ಹೋಗಿ ಕೂತಿತು. ಮುತ್ತರಾಯಪ್ಪನ ವಿಭೂತಿಯ ಮೇಲೆ ಆ ಚಳಿಯಲ್ಲೂ ಬೆವರು ಹರಿಯುತ್ತಿತ್ತು. ಅವನು ಛತ್ರದ ಮ್ಯಾನೇಜರನ್ನು ಕರೆದು, ಫ್ಯಾನೆಲ್ಲ ಜೋರಾಗಿ ಹಾಕು ಎಂದು ಗದರಿದ. ಫ್ಯಾನು ತಿರುಗಿದಷ್ಟೂ ಮಲ್ಲಿಗೆ ವಾಸನೆ ಮೂಲೆ ಮೂಲೆಗೆ ಹರಡಿತು. ಕೆಳಗೆ ಊಟದ ಮನೆಯಲ್ಲಿ ಬಾಳೆಲೆ ಹಾಸುತ್ತಿದ್ದವರೂ ಕೈ ನಿಲ್ಲಿಸಿ, ತಲೆ ಎತ್ತಿ ನೋಡಿದರು.